ಎರಡು ಲಕ್ಷ ಅಸಲಿಗೆ ಕಟ್ಟಿದರೆ: ಕಂತು ಇಳಿಸೋದಾ, ವರ್ಷ ಇಳಿಸೋದಾ?

ಮನೆ ಸಾಲಕ್ಕೆ ಕಂತಿನ ಮೇಲೆ ಒಂದಿಷ್ಟು ದುಡ್ಡು ಹೆಚ್ಚು ಕಟ್ಟಿದರೆ ಎರಡು ದಾರಿ ಇವೆ. ತಿಂಗಳ ಕಂತು ಕಡಿಮೆ ಮಾಡಿಸಿಕೊಳ್ಳಬಹುದು. ಇಲ್ಲವೇ ಕಂತು ಹಾಗೇ ಇಟ್ಟು ಸಾಲದ ಅವಧಿ ಕಡಿಮೆ ಮಾಡಿಸಿಕೊಳ್ಳಬಹುದು. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಮೊದಲ ಸಲ ಕಂತು ಇಳಿಸಿದೆ. ಎರಡು ವರ್ಷ ಬಿಟ್ಟು ಮತ್ತೆ ಕಟ್ಟಿದಾಗ ಅವಧಿ ಇಳಿಸಿದೆ. ಅವಧಿ ಇಳಿಸಿದವನೇ ಜಾಣ ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ.

ನಮ್ಮದು ಶಿವಮೊಗ್ಗದ ಗೋಪಾಳದಲ್ಲಿ ಕಟ್ಟಿಸಿದ ಮನೆ. 25 ಲಕ್ಷ ಸಾಲ, 20 ವರ್ಷ. ಕಂತು ಹೋಗುವುದು ಸಂಬಳದಿಂದ. ಹೆಚ್ಚಿನ ದುಡ್ಡು ಬರುವುದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಿಂದ. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ರಾಶಿ ಅಡಿಕೆ ಮಂಡಿಗೆ ಹೋಗಿ ಮಾರಾಟ ಆದ ಮೇಲೆ ಕೈಗೆ ಬರುವ ದುಡ್ಡು ಅದು. ಈ ನಡುವೆ ಬಡ್ಡಿ ದರ ಮೇಲೆ ಕೆಳಗೆ ಆಗಿದೆ. ಹೋಲಿಕೆ ಗೊಂದಲ ಆಗಬಾರದು ಅಂತ ಇಲ್ಲಿ ಪೂರ್ತಿ ಶೇ. 8.5 ಹಿಡಿದೇ ಲೆಕ್ಕ ಹಾಕಿದ್ದೇನೆ.

ಆ ದರಕ್ಕೆ ಕಂತು 21,696 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 17,708 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ನಾಲ್ಕು ಸಾವಿರಕ್ಕೂ ಕಡಿಮೆ. ಮೂರು ವರ್ಷ ತಪ್ಪದೆ ಕಟ್ಟಿದ ಮೇಲೂ ಬಾಕಿ 23.37 ಲಕ್ಷ. ಅಲ್ಲಿ ನಾನು 2 ಲಕ್ಷ ಕಟ್ಟಿದೆ.

ಕಂತು ಇಳಿಸಿದರೆ: 21,696 ಇದ್ದದ್ದು 19,839 ಆಯಿತು. ತಿಂಗಳಿಗೆ 1,857 ಉಳಿಯಿತು. ಉಳಿದ 17 ವರ್ಷ ಹಾಗೇ ಇತ್ತು. ಕೊನೆಯವರೆಗೂ ಹೀಗೇ ಕಟ್ಟುತ್ತಾ ಹೋದರೆ ಬಡ್ಡಿಯಲ್ಲಿ ಉಳಿತಾಯ ಸುಮಾರು 1.79 ಲಕ್ಷ.

ಅದೇ ದುಡ್ಡಿಗೆ ಅವಧಿ ಇಳಿಸಿದರೆ: ಕಂತು 21,696 ಹಾಗೇ. ಬಾಕಿ ಇದ್ದ 204 ತಿಂಗಳು 170ಕ್ಕೆ ಬರುತ್ತದೆ. ಎರಡು ವರ್ಷ ಹತ್ತು ತಿಂಗಳು ಕಡಿಮೆ. ಬಡ್ಡಿಯಲ್ಲಿ ಉಳಿತಾಯ ಸುಮಾರು 5.48 ಲಕ್ಷ.

ಈ 1.79 ಮತ್ತು 5.48 ನೋಡಿದ ಯಾರಿಗಾದರೂ ಅವಧಿ ಇಳಿಸುವುದೇ ಸರಿ ಅನಿಸುತ್ತದೆ, ಅಲ್ವಾ? ಆದರೆ 2 ಲಕ್ಷ ಕಟ್ಟಿದ ಮರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿ. ಅದಕ್ಕೆ ಮುಂಚೆ ತಿಂಗಳ ಬಡ್ಡಿ 16,555 ಬೀಳುತ್ತಿತ್ತು. ಕಟ್ಟಿದ ಮೇಲೆ 15,138. ಕಂತು ಇಳಿಸಿದರೂ 15,138, ಅವಧಿ ಇಳಿಸಿದರೂ 15,138. ಒಂದು ರೂಪಾಯಿಯೂ ವ್ಯತ್ಯಾಸ ಇಲ್ಲ. ಬ್ಯಾಂಕು ಬಡ್ಡಿ ಹಾಕುವುದು ಬಾಕಿ ಇರುವ ಅಸಲಿನ ಮೇಲೆ. ನೀವು ಯಾವ ಆಯ್ಕೆಗೆ ಟಿಕ್ ಹಾಕಿದಿರಿ ಅನ್ನುವುದು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ವ್ಯತ್ಯಾಸ ಇರುವುದು ಅಸಲಿನ ಸಾಲಿನಲ್ಲಿ. ಅವಧಿ ಇಳಿಸಿದರೆ ಆ ತಿಂಗಳು ಅಸಲಿಗೆ 6,558 ಸೇರುತ್ತದೆ. ಕಂತು ಇಳಿಸಿದರೆ 4,701 ಮಾತ್ರ, ಅಂದರೆ 2 ಲಕ್ಷ ಕಟ್ಟುವ ಮುಂಚೆ ಸೇರುತ್ತಿದ್ದ 5,141ಕ್ಕಿಂತಲೂ ಕಡಿಮೆ. ಇದು ನನಗೆ ಸ್ಟೇಟ್‌ಮೆಂಟ್ ನೋಡುವವರೆಗೂ ಹೊಳೆದಿರಲಿಲ್ಲ. ಕಂತು ಇಳಿಸಿಕೊಂಡವರು ತಿಂಗಳಿಗೆ 1,857 ಮನೆಗೆ ತರುತ್ತಾರೆ. ಅವಧಿ ಇಳಿಸಿಕೊಂಡವರು ಅದೇ 1,857 ಪ್ರತಿ ತಿಂಗಳೂ ಅಸಲಿಗೆ ಹಾಕುತ್ತಾರೆ. 5.48 ಲಕ್ಷ ಉಳಿಯುವುದು ಬರೀ 2 ಲಕ್ಷದಿಂದ ಅಲ್ಲ, ಆ 2 ಲಕ್ಷದ ಜೊತೆಗೆ ತಿಂಗಳು ತಿಂಗಳೂ ಹೋಗುವ ಈ ದುಡ್ಡಿನಿಂದ.

ಹಾಗಾದರೆ ಮೂರನೇ ದಾರಿಯೂ ಒಂದಿದೆ. ಕಂತು ಇಳಿಸಿಕೊಳ್ಳಿ, ಆ 1,857 ಅನ್ನು ಕಂತಿನ ದಿನವೇ ನೀವಾಗಿಯೇ ಸಾಲದ ಖಾತೆಗೆ ಹಾಕಿ. ಸಾಲ ಅದೇ 170 ತಿಂಗಳಿಗೆ ತೀರುತ್ತದೆ, ಉಳಿತಾಯವೂ ಅಷ್ಟೇ. ಕೈ ಕಟ್ಟಿದ ತಿಂಗಳು ಬಿಟ್ಟುಬಿಡಬಹುದು, ಕಂತು ತಪ್ಪಿತು ಅಂತ ದಂಡ ಬೀಳುವುದಿಲ್ಲ, ಸಾಲ ಸರಿಯಾಗಿ ಕಟ್ಟುತ್ತೀರಾ ಅಂತ ತೋರಿಸುವ ಸಿಬಿಲ್ ಅಂಕವೂ ಕೆಡುವುದಿಲ್ಲ. ಇದಕ್ಕೆ ಶಿಸ್ತು ಬೇಕು. ದುಡ್ಡು ಖಾತೆಯಲ್ಲಿ ಉಳಿದರೆ ಗ್ಯಾಸು, ಪೆಟ್ರೋಲು, ಮದುವೆಯ ಮುಯ್ಯಿ ಅಂತ ಹೇಗೋ ಖರ್ಚಾಗುತ್ತದೆ. ಸಣ್ಣ ಮೊತ್ತ ತೆಗೆದುಕೊಳ್ಳುತ್ತಾರಾ, ತೆಗೆದುಕೊಂಡರೆ ಅಸಲಿಗೇ ಜಮಾ ಮಾಡುತ್ತಾರಾ ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಬೇಕು.

ನಾನು ಮೊದಲ ಸಲ ಕಂತು ಇಳಿಸಿದ್ದಕ್ಕೆ ಕಾರಣ ಮಳೆ. ತೋಟ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ವರ್ಷ ಮಳೆ ಬಿಡುವೇ ಕೊಡಲಿಲ್ಲ. ಮೈಲುತುತ್ತ, ಸುಣ್ಣ ತಂದಿಟ್ಟಿದ್ದರೂ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯಲು ಆಗಲಿಲ್ಲ. ಕೊಳೆರೋಗ ಬಂತು, ಎಳೆಗಾಯಿ ಮರದ ಬುಡದಲ್ಲಿ ಉದುರಿ ಬಿದ್ದಿತ್ತು. ಅಂಥ ವರ್ಷ ಸಂಬಳದಲ್ಲೇ ಇಲ್ಲಿಯ ಮನೆ, ಊರಿನ ಮನೆ ಎರಡೂ ನಡೆಯಬೇಕು. ತಿಂಗಳಿಗೆ 1,857 ದೊಡ್ಡ ಮೊತ್ತ ಅಲ್ಲ. ಆದರೆ ಅದು ಕಂತಿನ ಒಳಗೆ ಸಿಕ್ಕಿಕೊಂಡಿದ್ದರೆ ಬೇಕಾದಾಗ ಹೊರಗೆ ತೆಗೆಯಲು ಬರುವುದಿಲ್ಲ. ಅಪ್ಪಯ್ಯನಿಗೆ ಮಾತ್ರ ಇದು ಇಷ್ಟವಾಗಲಿಲ್ಲ. "ಸಾಲ ಬೇಗ ತೀರ್ಲಿ ಮಾರಾಯ, ಕಂತಿಂದು ಹ್ಯಾಂಗೋ ಆಗ್ತದೆ" ಅಂದಿದ್ದರು.

ಎರಡನೇ ಸಲ ಅವರ ಮಾತಿನಂತೆಯೇ ಮಾಡಿದೆ. ಅಷ್ಟರಲ್ಲಿ ಸಂಬಳ ಸ್ವಲ್ಪ ಏರಿತ್ತು, 19,839 ಭಾರ ಅನಿಸುತ್ತಿರಲಿಲ್ಲ. ಬಾಕಿ 20.15 ಲಕ್ಷ ಇದ್ದಾಗ 2 ಲಕ್ಷ ಕಟ್ಟಿದೆ. 180 ತಿಂಗಳು 148ಕ್ಕೆ ಬಂತು. ತಿಂಗಳ ಜೀವನದಲ್ಲಿ ಏನೂ ಬದಲಾಗಲಿಲ್ಲ. ಆದರೆ ಸಾಲ ಮುಗಿಯುವ ತಾರೀಖು ಮಗಳ ಕಾಲೇಜು ಶುರುವಾಗುವ ಹೊತ್ತಿಗೆ ಬಂದು ನಿಂತಿತು. ನನಗೆ ಅದು ಬಡ್ಡಿ ಉಳಿತಾಯಕ್ಕಿಂತ ದೊಡ್ಡ ಸಮಾಧಾನ.

ಸಂಬಳ ಒಂದೇ ಆದಾಯ, ಅದೂ ಭದ್ರ, ಜೊತೆಗೆ ಆರು ತಿಂಗಳ ಖರ್ಚು ಬೇರೆ ತೆಗೆದಿಟ್ಟಿದ್ದೀರಿ ಅಂದರೆ ಕಣ್ಣು ಮುಚ್ಚಿ ಅವಧಿ ಇಳಿಸಿ. ಅಡಿಕೆ, ಕಾಳುಮೆಣಸು, ಅಂಗಡಿ ಅಂತ ಆದಾಯ ಏರಿಳಿತ ಇದ್ದರೆ ಕಂತು ಇಳಿಸಿ, ಉಳಿದದ್ದನ್ನು ವಾಪಸ್ ಕಟ್ಟುತ್ತಾ ಹೋಗಿ. ಬೆಳೆ ಚೆನ್ನಾಗಿದ್ದ ವರ್ಷ ಇನ್ನೂ ಜಾಸ್ತಿ ಹಾಕಿ.

ಯಾವ ದಾರಿ ಹಿಡಿದರೂ ಕಾಯಬೇಡಿ. ಅಡಿಕೆ ದುಡ್ಡು ಜನವರಿಯಲ್ಲಿ ಬಂದರೆ ಮಾರ್ಚ್ ತನಕ ಸುಮ್ನೆ ಉಳಿತಾಯ ಖಾತೆಯಲ್ಲಿ ಇಟ್ಟುಕೊಳ್ಳುವವರು ನಮ್ಮಲ್ಲಿ ಬಹಳ. 2 ಲಕ್ಷಕ್ಕೆ ಒಂದೊಂದು ತಿಂಗಳ ತಡಕ್ಕೂ 1,417 ರೂಪಾಯಿ ಬಡ್ಡಿ. ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ ಹೀಗೆ ಕಟ್ಟಿದ ಅಸಲೂ ಆದಾಯ ತೆರಿಗೆ ವಿನಾಯಿತಿಯ 1.5 ಲಕ್ಷದ ಮಿತಿಯೊಳಗೆ ಬರುತ್ತದೆ. ಹೊಸ ಪದ್ಧತಿಯಲ್ಲಿ ಅದಿಲ್ಲ.

ಬದಲಾಗುವ ಬಡ್ಡಿ ದರದ ಮನೆ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ದರ ಬದಲಾದಾಗ ಕಂತು ಏರಿಸಬೇಕಾ, ಅವಧಿ ಹೆಚ್ಚಿಸಬೇಕಾ ಅಂತ ಸಾಲಗಾರರನ್ನು ಕೇಳಬೇಕು ಅಂತ 2023ರ ಆಗಸ್ಟ್‌ನಲ್ಲಿ ಹೇಳಿತು. ಆದರೂ ಬಾಯಿ ಮಾತಿಗೆ ಬಿಡಬೇಡಿ. ನನಗೆ ಮೊದಲ ಸಲ ಬಾಯಲ್ಲಿ ಹೇಳಿದ್ದು ಒಂದು, ಖಾತೆಯಲ್ಲಿ ಆಗಿದ್ದು ಇನ್ನೊಂದು. ಅರ್ಜಿ ಬರೆದುಕೊಟ್ಟ ಮೇಲೆಯೇ ಕಂತು ಇಳಿಯಿತು. ಹಾಗಾಗಿ ದುಡ್ಡು ಕಟ್ಟುವ ದಿನವೇ "ಈ ಮೊತ್ತವನ್ನು ಅಸಲಿಗೆ ಜಮಾ ಮಾಡಿ, ಕಂತು ಇಳಿಸಿ" ಅಥವಾ "ಕಂತು ಹಾಗೇ ಇಟ್ಟು ಅವಧಿ ಇಳಿಸಿ" ಅಂತ ಬರೆದುಕೊಟ್ಟು, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಹೊಸ ಕಂತಿನ ಪಟ್ಟಿ ಕೇಳಿ ಪಡೆಯಿರಿ. ಅದರಲ್ಲಿ ಕೊನೆಯ ಕಂತಿನ ತಾರೀಖು ಯಾವುದು ಅಂತ ಅಲ್ಲೇ ನಿಂತು ನೋಡಿ.