ಕಣ್ಣಿಗೆ ಕಾಣುವ ಖುತ್ಬಾ: ಪುಳಿಕ್ಕಲ್‌ನ ಅಲ್ ರಹ್ಮಾ ಮಸೀದಿ

ಕೇರಳದ ಮಲಪ್ಪುರಂ ಜಿಲ್ಲೆಯ ಪುಳಿಕ್ಕಲ್‌ನಲ್ಲಿರುವ ಈ ಮಸೀದಿಯಲ್ಲಿ ಶುಕ್ರವಾರದ ಖುತ್ಬಾವನ್ನು, ಅಂದರೆ ಪ್ರವಚನವನ್ನು, ಸಂಜ್ಞಾ ಭಾಷೆಯಲ್ಲಿ ಪರದೆಯ ಮೇಲೆ ತೋರಿಸುತ್ತಾರೆ. ಗಾಲಿಕುರ್ಚಿಯಲ್ಲಿ ಬರುವವರಿಗೂ ಅನುಕೂಲವಿದೆ. ಕಿವಿ ಕೇಳದ ತಮ್ಮನೊಂದಿಗೆ ವರ್ಷಗಟ್ಟಲೆ ಜುಮಾ (ಶುಕ್ರವಾರದ) ನಮಾಜಿಗೆ ಹೋಗುತ್ತಿರುವ ನನಗೆ ಇದರ ಬೆಲೆ ಗೊತ್ತು. ಬೇರೆಡೆ ಅವನು ಪಕ್ಕದವರನ್ನು ಓರೆಗಣ್ಣಿನಿಂದ ನೋಡಿ ರುಕೂಗೆ ಬಾಗುತ್ತಾನೆ. ಆದರೆ ಹಣೆಯನ್ನು ನೆಲಕ್ಕೆ ಊರಿದ ಸಜ್ದಾದಲ್ಲಿ, ಇಮಾಮರು ತಕ್ಬೀರ್ (‘ಅಲ್ಲಾಹು ಅಕ್ಬರ್’) ಹೇಳಿ ಎದ್ದದ್ದು ತಿಳಿಯದೆ, ಪಕ್ಕದವರ ಮೊಣಕೈ ಅಲುಗುವುದನ್ನೇ ಕಾಯಬೇಕಾಗುತ್ತದೆ. ಖುತ್ಬಾದ ಹೊತ್ತಿನಲ್ಲಂತೂ ಚಾಪೆಯ ಗೆರೆಗಳನ್ನು ನೋಡುತ್ತಾ ಕೂರುವುದೇ ಅವನ ಪಾಡಾಗಿತ್ತು. ಇಲ್ಲಿ ಅವನ ಕಣ್ಣು ಪರದೆಯನ್ನು ಬಿಟ್ಟು ಕದಲಲಿಲ್ಲ. ನನಗೆ ಮಲಯಾಳಂ ಅಷ್ಟಾಗಿ ಬಾರದು. ಅಂದಿನ ಖುತ್ಬಾದ ಸಾರವನ್ನು, ಹೊರಗೆ ಚಪ್ಪಲಿ ಮೆಟ್ಟುವ ಮೊದಲೇ, ಅವನೇ ನನಗೆ ಸನ್ನೆಯಲ್ಲಿ ವಿವರಿಸಿದನು.