ಥ್ರೆಡ್ ಗೇಜ್ ಪಾಸಾಯ್ತು ಅಂತ ಮಾಲು ಇಳಿಸಿಕೊಳ್ಳಬೇಡಿ

ಟ್ಯಾಪಿಂಗ್ (ರಂಧ್ರದೊಳಗೆ ಬೋಲ್ಟ್ ಕೂರಲು ಥ್ರೆಡ್, ಅಂದರೆ ಹಲ್ಲು, ಮಾಡುವ) ಕೆಲಸ ಹೊರಗೆ ಕೊಡುವವರು ಇದನ್ನು ಓದಿ. ಪೀಣ್ಯದ ಒಂದು ಜಾಬ್ ವರ್ಕ್ ಶಾಪ್‌ನಿಂದ ನಮ್ಮ ಅಲ್ಯೂಮಿನಿಯಂ ಹೌಸಿಂಗ್‌ಗಳು ಬಂದವು. ಎಲ್ಲದರಲ್ಲೂ ಎಂ10 × 1.5 ಟ್ಯಾಪ್, ಅಂದರೆ 10 ಎಂಎಂ ಡಯಾ, ಹಲ್ಲಿನಿಂದ ಹಲ್ಲಿಗೆ 1.5 ಎಂಎಂ ಅಂತರ (ಪಿಚ್). ಒಳಗೆ ಹೋಗಬೇಕಾದ ಗೋ ಗೇಜ್ ಹೋಯಿತು, ಹೋಗಬಾರದ ನೋ-ಗೋ ನಿಂತಿತು, ರಿಪೋರ್ಟ್ ಚೆನ್ನಾಗಿತ್ತು. ಅಸೆಂಬ್ಲಿಯಲ್ಲಿ ಟಾರ್ಕ್ ರೆಂಚ್ ಕ್ಲಿಕ್ ಅನ್ನುವ ಮೊದಲೇ ಬೋಲ್ಟ್ ಸುಮ್ನೆ ತಿರುಗತೊಡಗಿತು. ಬಿಚ್ಚಿದರೆ ಹೌಸಿಂಗ್‌ನ ಥ್ರೆಡ್ಡು ಬೋಲ್ಟ್‌ಗೆ ಸುತ್ತಿಕೊಂಡು ಸುರುಳಿಯಾಗಿ ಬಂತು.

ಟ್ಯಾಪ್ ಆದ ರಂಧ್ರಕ್ಕೆ ವರ್ನಿಯರ್ ಇಟ್ಟು ನೋಡಿದೆ. ಒಳಗಿನ ಅಳತೆ, ಅಂದರೆ ಮೈನರ್ ಡಯಾ, 9.3 ಎಂಎಂ! ಎಂ10ಕ್ಕೆ ಅದು 8.376ರಿಂದ 8.676ರ ಒಳಗೆ ಇರಬೇಕು. ಡ್ರಾಯಿಂಗ್‌ನಲ್ಲಿ 6ಎಚ್ (ಥ್ರೆಡ್ಡಿನ ಟಾಲರೆನ್ಸ್ ದರ್ಜೆ) ಅಂತ ಬರೆದರೆ ಅರ್ಥ ಅದೇ.

ಲೆಕ್ಕ ಕಷ್ಟವೇನಲ್ಲ. ಡ್ರಿಲ್ ಸೈಜ್ ಬೇಕಾದರೆ ಡಯಾದಲ್ಲಿ ಪಿಚ್ ಕಳೆಯಿರಿ. 10ರಲ್ಲಿ 1.5 ಹೋದರೆ 8.5. ಥ್ರೆಡ್ ಎಷ್ಟು ಎತ್ತರ ನಿಂತಿದೆ ಅಂತ ತಿಳಿಯಲು, ಡಯಾದಲ್ಲಿ ರಂಧ್ರದ ಅಳತೆ ಕಳೆದು, ಪಿಚ್‌ನ 1.299 ಪಟ್ಟಿನಿಂದ ಭಾಗಿಸಿ. 8.5ರ ಡ್ರಿಲ್‌ಗೆ ಸುಮಾರು 77% ಬರುತ್ತದೆ. ನಮ್ಮದಕ್ಕೆ ಬಂದದ್ದು 36%. ಮೆತ್ತನೆಯ ಎಲ್‌ಎಂ6 ಅಲ್ಯೂಮಿನಿಯಂ ಕಾಸ್ಟಿಂಗ್‌ನಲ್ಲಿ ಇಷ್ಟು ಗಿಡ್ಡ ಹಲ್ಲು ಎಷ್ಟು ಹೊತ್ತು ತಡೆದೀತು?

ಹಾಗಾದರೆ ಗೇಜ್ ಯಾಕೆ ಹಿಡಿಯಲಿಲ್ಲ? ಇದನ್ನು ಎಷ್ಟೋ ಇನ್‌ಸ್ಪೆಕ್ಟರ್‌ಗಳೂ ಗಮನಿಸುವುದಿಲ್ಲ. ನೋ-ಗೋ ಥ್ರೆಡ್ ಗೇಜ್ ನೋಡುವುದು ಪಿಚ್ ಡಯಾವನ್ನು, ಅಂದರೆ ಹಲ್ಲಿನ ಇಳಿಜಾರಿನ ನಡುವಿನ ಅಳತೆಯನ್ನು. ಎಂ10ರಲ್ಲಿ ಅದು 9.026ರಿಂದ ಶುರು. ಟ್ಯಾಪ್ ಸರಿಯಿದ್ದರೆ ಹಲ್ಲಿನ ಇಳಿಜಾರು ಸರಿಯಾಗೇ ಬಿದ್ದಿರುತ್ತದೆ, ಗೇಜ್ ನಿಲ್ಲುತ್ತದೆ. ಹಲ್ಲಿನ ತುದಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಮೈನರ್ ಡಯಾಗೆ ಬೇರೆ ಪ್ಲೇನ್ ಪ್ಲಗ್ ಗೇಜ್ (ಹಲ್ಲಿಲ್ಲದ ನುಣುಪು ಗೇಜ್) ಬೇಕು.

ಶಾಪಿನವರಿಗೆ ಫೋನ್ ಮಾಡಿದರೆ, "ಅದು ಫಾರ್ಮ್ ಟ್ಯಾಪ್ ಸಾರ್, ಅದಕ್ಕೆ 9.3 ಡ್ರಿಲ್ಲೇ ಹಾಕೋದು" ಅಂದರು. ಅರ್ಧ ನಿಜ. ಫಾರ್ಮ್ ಟ್ಯಾಪ್ ಲೋಹ ಕತ್ತರಿಸುವುದಿಲ್ಲ, ಒತ್ತಿ ಮೇಲೆತ್ತುತ್ತದೆ. ಹಾಗಾಗಿ ಡಯಾದಲ್ಲಿ ಪಿಚ್‌ನ ಅರ್ಧ ಮಾತ್ರ ಕಳೆಯುತ್ತಾರೆ. ಆದರೆ ಟ್ಯಾಪ್ ಆದ ಮೇಲೆ ರಂಧ್ರ ಕಿರಿದಾಗಬೇಕಲ್ವಾ? ನಮ್ಮದು 9.3ರಲ್ಲೇ ಉಳಿದಿತ್ತು. ಜೊತೆಗೆ, ಒತ್ತಿದ ಥ್ರೆಡ್ಡಿನ ತುದಿಯಲ್ಲಿ ಸಣ್ಣ ಸೀಳಿನ ಗೆರೆ ಕಾಣುತ್ತದೆ. ಭೂತಗನ್ನಡಿ ಹಿಡಿದು ಹುಡುಕಿದರೂ ಒಂದರಲ್ಲೂ ಆ ಗೆರೆ ಇರಲಿಲ್ಲ. ಫಾರ್ಮ್ ಟ್ಯಾಪ್‌ನ ಡ್ರಿಲ್ ಹಾಕಿ, ಮಾಮೂಲಿ ಕಟಿಂಗ್ ಟ್ಯಾಪ್ ಇಳಿಸಿದ್ದಾರೆ. ಗೊತ್ತಿಲ್ಲದೆಯೋ, ಟ್ಯಾಪ್ ಮುರಿಯದಿರಲಿ ಅಂತಲೋ, ಅವರನ್ನೇ ಕೇಳಬೇಕು.

ಪ್ಲಗ್ ಗೇಜ್ ಇಲ್ಲದ ಕಡೆ ಹೊಸ 8.7 ಡ್ರಿಲ್‌ನ ಶ್ಯಾಂಕ್ (ಚಕ್‌ನಲ್ಲಿ ಹಿಡಿಯುವ ನುಣುಪು ಭಾಗ) ತೂರಿಸಿ ನೋಡಿ. ಎಂ10 × 1.5ರಲ್ಲಿ ಅದು ಒಳಗೆ ಹೋಗಬಾರದು. ಫೈನ್ ಥ್ರೆಡ್ ಎಂ10 × 1.25 ಆದರೆ ಈ ಲೆಕ್ಕ ಹಿಡಿಯುವುದಿಲ್ಲ. ಅದರ ಮಿತಿ 8.647ರಿಂದ 8.912. ಇನ್ನುಳಿದಂತೆ, ಕಟಿಂಗ್ ಟ್ಯಾಪ್‌ಗೆ ಮೊದಲು ಹಾಕುವ ಡ್ರಿಲ್ ಎಂ6ಕ್ಕೆ 5.0, ಎಂ8ಕ್ಕೆ 6.8, ಎಂ12ಕ್ಕೆ 10.2.

ಗೋಡೆ ದಪ್ಪ ಇದ್ದ ಕಡೆ ಹೆಲಿಕಾಯಿಲ್ (ರಂಧ್ರದೊಳಗೆ ಕೂರಿಸುವ ತಂತಿ ಸುರುಳಿಯ ಥ್ರೆಡ್) ಹಾಕಿಸಿ ಉಳಿಸಿಕೊಂಡೆವು. ತೆಳು ಇದ್ದವು ಸ್ಕ್ರ್ಯಾಪ್‌ಗೆ ಹೋದವು. ಶಾಪಿನವರು ಟ್ಯಾಪಿಂಗ್ ಚಾರ್ಜ್ ಬಿಟ್ಟರು, ಕಾಸ್ಟಿಂಗ್ ದುಡ್ಡು ಕೊಡಲಿಲ್ಲ. "ಡ್ರಾಯಿಂಗ್‌ನಲ್ಲಿ ಮೈನರ್ ಡಯಾ ಎಲ್ಲಿ ಕೊಟ್ಟಿದ್ದೀರಿ?" ಅನ್ನೋದು ಅವರ ವಾದ. 6ಎಚ್‌ನಲ್ಲಿ ಅದೂ ಸೇರಿದೆ, ಥ್ರೆಡ್ಡಿನ ಭಾರತೀಯ ಮಾನದಂಡ ಐಎಸ್ 4218 ತೆಗೆದು ನೋಡಿ ಅಂದರೆ ಕೇಳಲಿಲ್ಲ. ಈಗ ಪರ್ಚೇಸ್ ಆರ್ಡರ್‌ನಲ್ಲಿ ಮೈನರ್ ಡಯಾದ ಎರಡೂ ಮಿತಿ ಅಂಕಿಯಲ್ಲೇ ಬರೆಯುತ್ತೇವೆ, ಕಟಿಂಗ್ ಟ್ಯಾಪೋ ಫಾರ್ಮ್ ಟ್ಯಾಪೋ ಅನ್ನುವುದನ್ನೂ ಅವರ ಕೈಯಲ್ಲೇ ಬರೆಸಿಕೊಳ್ಳುತ್ತೇವೆ.