ಜರ್ಮನಿಗೆ ಹೊರಟ್ರೆ ಬ್ಯಾಗಿಗೆ ಏನು ತುಂಬ್ಬೇಕು: ಪುಡಿನಾ, ಗೊಜ್ಜಾ, ರೆಡಿ ಪ್ಯಾಕೆಟ್ಟಾ?

ಮೊದ್ಲೇ ಹೇಳ್ಬಿಡ್ತೀನಿ, ಅಕ್ಕಿ ಬೇಳೆ ಹೊತ್ಕೊಂಡು ಹೋಗ್ಬೇಡಿ. ತಮಿಳರ ಅಂಗಡಿ ಇರೋ ಊರಾದ್ರೆ ಸೋನಾಮಸೂರಿ, ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಸಿಗುತ್ತೆ, ಟರ್ಕಿಯವರ ಅಂಗಡಿಲಿ ಕಾಬೂಲ್ ಕಡಲೆ, ಮಸೂರ್ ಬೇಳೆ ಇರುತ್ತೆ. 23 ಕೆಜಿ ಬ್ಯಾಗಲ್ಲಿ ಉಳಿದ ಜಾಗ ಯಾವ್ದಕ್ಕೆ ಅನ್ನೋದೇ ಜಗಳ. ಹಾಸನದ ನಮ್ಮನೇಲಿ ಅಮ್ಮಂದು ಪುಡಿ ಪಾರ್ಟಿ, ಅತ್ತೆದು ಗೊಜ್ಜಿನ ಪಾರ್ಟಿ, ಯಜಮಾನ್ರದ್ದು ಪ್ಯಾಕೆಟ್ ಪಾರ್ಟಿ. ಮೂರನ್ನೂ ತಗೊಂಡೋಗಿ ತಿಂದು ನೋಡಿದ್ದಾಯ್ತು.

ರೆಡಿ ಬಿಸಿಬೇಳೆಬಾತ್ ಪೌಚ್ ಒಂದಕ್ಕೆ 300 ಗ್ರಾಂ, ಹತ್ತು ಇಟ್ರೆ 3 ಕೆಜಿ ಹೋಯ್ತು, ಅದ್ರಲ್ಲಿ ಮುಕ್ಕಾಲು ನೀರೇ. ಫ್ರಿಜ್ ಬೇಡ ನಿಜ, ರುಚಿನೂ ಪರ್ವಾಗಿಲ್ಲ, ಆದ್ರೆ ದಿನಾ ತಿಂದ್ರೆ ಎಲ್ಲದ್ದೂ ಒಂದೇ ವಾಸನೆ. ಅಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತೆ, ಶನಿವಾರ ರಾತ್ರಿ ಇಳಿಯೋರಿಗೆ ಎರಡು ಮೂರು ಪೌಚ್ ಸಾಕು. ಪನ್ನೀರ್ ಇರೋದು ಬೇಡ, ಯುರೋಪಿಯನ್ ಯೂನಿಯನ್ ಒಳಗೆ ಹೊರಗಿನಿಂದ ಬರೋರು ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ. ತುಪ್ಪನೂ ಅದ್ರಲ್ಲೇ ಬಂತು. ಅಲ್ಲಿ ಉಪ್ಪಿಲ್ದ ಬೆಣ್ಣೆ ತಗೊಂಡು ಕಾಯಿಸ್ಕೊಳ್ಳಿ, ಘಮ್ ಅನ್ನುತ್ತೆ.

ಗೊಜ್ಜು ಅಂದ್ರೆ ಅತ್ತೆ ಪುಳಿಯೋಗರೆ ಗೊಜ್ಜೇ. ರುಚಿಲಿ ಇದಕ್ಕೇ ಫಸ್ಟ್ ಪ್ರೈಜ್, ಅನುಮಾನನೇ ಇಲ್ಲ. ಆದ್ರೆ ಭಾರ, ಎಣ್ಣೆ ಜಿನುಗುತ್ತೆ, ಹ್ಯಾಂಡ್ ಬ್ಯಾಗಲ್ಲಿ 100 ಎಂಎಲ್ ರೂಲ್ ಇರೋದ್ರಿಂದ ಚೆಕ್-ಇನ್ ಬ್ಯಾಗಿಗೇ ಹಾಕ್ಬೇಕು, ಅದೂ ಎರಡೆರಡು ಕವರ್ ಸುತ್ತಿ. ಒಂದು ಬಾಟ್ಲಿ, ಅಷ್ಟೇ.

ಪುಡಿ ಗೆಲ್ಲೋದು ಎಲ್ಲಿ ಅಂದ್ರೆ ಕೆಲ್ಸದಿಂದ ಸುಸ್ತಾಗಿ ಬಂದ ಸಂಜೆಲಿ. ಅನ್ನಕ್ಕೆ ಹುಚ್ಚೆಳ್ಳು ಪುಡಿ, ಬೆಣ್ಣೆ ಕಾಯಿಸಿದ ತುಪ್ಪ, ಮುಗೀತು. ಒಗ್ಗರಣೆನೇ ಬೇಡ, ಆ ಬಾಡಿಗೆ ಮನೆಲಿ ಒಣಮೆಣಸಿನಕಾಯಿ ಬಾಣಲೆಗೆ ಬಿದ್ರೆ ಹೊಗೆ ಅಲಾರಾಂ ಕಿರುಚ್ಕೊಳ್ಳುತ್ತೆ! ಸಾರಿನಪುಡಿ ಅರ್ಧ ಕೆಜಿ ಇದ್ರೆ ಇಬ್ರಿಗೆ ಎಷ್ಟು ವಾರ ಬರುತ್ತೆ ಅಂದ್ರೆ ನಂಬಲ್ಲ ನೀವು. ಒಂದೇ ತೊಂದ್ರೆ ಕೊಬ್ಬರಿದು. ಕೊಬ್ಬರಿ ಹಾಕಿದ ಚಟ್ನಿಪುಡಿ ಬೇಗ ಕಮಟಾಗುತ್ತೆ, ಅದಕ್ಕೇ ಕೊಬ್ಬರಿ ಬಿಟ್ಟು ಮಾಡ್ಸಿದೆ, ಅಮ್ಮ "ಅರಸೀಕೆರೆ ಪಕ್ದಲ್ಲಿದ್ಕೊಂಡು ಕೊಬ್ಬರಿ ಇಲ್ದ ಚಟ್ನಿಪುಡಿನಾ" ಅಂತ ಮುಖ ಊದಿಸ್ಕೊಂಡ್ರು. ಹಾಗಂತ ಗಿಟುಕು ತುಂಬೋಕೂ ಹೋಗ್ಬೇಡಿ, ಎಣ್ಣೆ ಜಾಸ್ತಿ ಇರೋದ್ರಿಂದ ಬೆಂಕಿ ಹತ್ಕೊಳ್ಬಹುದು ಅಂತ 2022ರಿಂದ ಚೆಕ್-ಇನ್ ಬ್ಯಾಗಲ್ಲಿ ಒಣಕೊಬ್ಬರಿ ಬ್ಯಾನ್. ಅಲ್ಲಿ ಕೇಕ್ ಸಾಮಾನಿನ ಸಾಲಲ್ಲಿ ಒಣ ಕಾಯಿತುರಿ ಸಿಗುತ್ತೆ, ಬೇಕಾದಾಗ ಹುರಿದು ಬೆರ್ಸಿ. ಹಸಿ ಕರಿಬೇವೂ ಸುಮ್ನೆ ಒಯ್ಯೋ ಹಾಗಿಲ್ಲ, ಹುಳ ರೋಗ ಇಲ್ಲ ಅನ್ನೋ ಸರ್ಕಾರಿ ಸರ್ಟಿಫಿಕೇಟ್ ಬೇಕು. ನೆರಳಲ್ಲಿ ಒಣಗ್ಸಿ ಪುಡಿ ಮಾಡಿ. ತಮಾಷೆ ಏನಂದ್ರೆ ಬಾಳೆಹಣ್ಣು, ತೆಂಗಿನಕಾಯಿಗೆ ಆ ಸರ್ಟಿಫಿಕೇಟ್ ಬೇಕಿಲ್ಲ.

ಮುದ್ದೆ ಬಿಟ್ಟಿರೋಕೆ ಆಗಲ್ಲ ಅನ್ನೋರು ರಾಗಿಹಿಟ್ಟು ಒಂದೆರಡು ಕೆಜಿ ಹಾಕ್ಕೊಳ್ಳಿ, ಅಲ್ಲಿ ಸಿಕ್ರೂ ರೇಟ್ ಜಾಸ್ತಿ. ತಳ ಚಪ್ಪಟೆ ಇರೋ ಪಾತ್ರೆನೇ ಒಯ್ಯಿರಿ, ಗಾಜಿನ ಒಲೆ ಮೇಲೆ ದುಂಡು ತಳ ನಿಲ್ಲಲ್ಲ. ಇನ್ನು ಕಾಫಿ ವಿಷ್ಯದಲ್ಲಿ ಪಾರ್ಟಿನೇ ಇಲ್ಲ: ಸ್ಟೀಲ್ ಫಿಲ್ಟರ್, ಚಿಕೋರಿ ಬೆರ್ಸಿದ ಪುಡಿ, ಅದೂ ಕಾಲು ಕೆಜಿ ಸೀಲ್ ಪ್ಯಾಕೆಟ್‌ಗಳಲ್ಲಿ. ಒಂದೇ ದೊಡ್ಡ ಪ್ಯಾಕೆಟ್ ಒಡೆದಿಟ್ರೆ ಸ್ವಲ್ಪ ದಿನಕ್ಕೇ ಘಮ ಹೋಗುತ್ತೆ. ಹಾಲು ಅಲ್ಲಿ 3.5% ಕೊಬ್ಬಿನದು ತಗೊಳ್ಳಿ, ಡಿಕಾಕ್ಷನ್‌ಗೆ ಸರಿ ಹೋಗುತ್ತೆ.